ನುಣ್ಣಪ್ಪ ತೋಡಿದ ಮೂರು ಗುಂಡಿ

ಜೊತೆಗೆ ಕೆಲಸ ಮಾಡುವವರೆಲ್ಲ ಅವನನ್ನು ನುಣ್ಣಪ್ಪ ಎಂದು ಕರೆಯುತ್ತಿದ್ದರು. ಅವನು ಗಿಲಾವು ಮಾಡಿದ ಗೋಡೆಯನ್ನು ಇರುವೆ ಹತ್ತಿದರೆ ಜಾರಿ ಬೀಳುತ್ತದೆ ಎಂಬ ಮಾತಿತ್ತು. ಇರುವೆ ಬಿದ್ದದ್ದನ್ನು ನಾನು ಕಂಡಿಲ್ಲ. ಆದರೆ ಆ ಗೋಡೆಯ ಮೇಲೆ ಅಂಗೈ ಆಡಿಸಿ ನೋಡಿದ್ದೇನೆ. ಬರೀ ಮರಳು ಸಿಮೆಂಟಿನಿಂದ ಅಂಥದ್ದು ಆಗುತ್ತದೆ ಎಂದು ನಂಬುವುದು ಕಷ್ಟ. ಅವನ ಜೊತೆ ಬಹಳ ಕಾಲ ಕೆಲಸ ಮಾಡಿದ್ದ ಬಡಗಿಯೊಬ್ಬ ನನಗೆ ಮೊದಲೇ ಎಚ್ಚರಿಕೆ ಕೊಟ್ಟಿದ್ದ: "ದೂರದ ಬೆಟ್ಟ ನುಣ್ಣಗೆ ಅಂತಾರೆ. ನಮ್ಮ ಮೇಸ್ತ್ರಿ ಗೋಡೆ ಹತ್ತಿರ ಹೋದ್ರೂ ನುಣ್ಣಗೇ. ಬಾಯಿ ತೆಗೆದ್ರೆ ಮಾತ್ರ ಬರೀ ಜಲ್ಲಿ."

ಆ ಜಲ್ಲಿಯ ರುಚಿ ನೋಡದವರು ಕಡಿಮೆ. ಮನೆ ಕಟ್ಟಿಸುವವರು ಗೋಡೆ ಚೆನ್ನಾಗಿದೆ ಎಂದರೆ, "ನಿಮಗೇನು ಗೊತ್ತು?" ಎನ್ನುತ್ತಿದ್ದ. ಚೆನ್ನಾಗಿಲ್ಲ ಎಂದರೂ ಅದೇ ಮಾತು. ಯಾರ ಮನೆಗೆ ಹೋದರೂ ಕೂರುವ ಮೊದಲು ಕೆನ್ನೆಯನ್ನು ಗೋಡೆಗೆ ತಾಗಿಸಿ, ಒಂದು ಕಣ್ಣು ಮುಚ್ಚಿ, ಉದ್ದಕ್ಕೂ ದೃಷ್ಟಿ ಹಾಯಿಸುತ್ತಿದ್ದ. ಆಮೇಲೆ ಏನೂ ಹೇಳದೆ ಕೂರುತ್ತಿದ್ದ. ಹೇಳದೆ ಕೂತದ್ದೇ ಆ ಮನೆಯವರಿಗೆ ಬೈದಂತೆ ಇರುತ್ತಿತ್ತು.

ಅವನ ಪರಿಚಯ ನನಗಾದದ್ದು ಗೋಡೆಯಿಂದಲ್ಲ, ನೆಲದಿಂದ. ಊರಿನ ಒಳಚರಂಡಿ ತಲುಪದ ಬಡಾವಣೆಗಳಲ್ಲಿ ಪ್ರತಿ ಮನೆಗೂ ಅದರದ್ದೇ ಸೆಪ್ಟಿಕ್ ಟ್ಯಾಂಕ್ ಬೇಕು. ಆ ಟ್ಯಾಂಕಿನಿಂದ ಹೊರಬೀಳುವ ನೀರನ್ನು ಅಲ್ಲಿಯ ನೆಲ ಕುಡಿಯುತ್ತದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡಿ ಹೇಳುವುದು ನನ್ನ ಕೆಲಸ. ಗುಂಡಿ ತೋಡಿ, ನೀರು ತುಂಬಿ, ನೆಲವನ್ನು ಒಂದು ದಿನ ನೆನೆಸಬೇಕು. ಮರುದಿನ ಮತ್ತೆ ನೀರು ಹಾಕಿ ಅದು ಎಷ್ಟು ಬೇಗ ಇಳಿಯುತ್ತದೆ ಎಂದು ಅಳೆಯಬೇಕು. ಒಂದು ಇಂಚು ಇಳಿಯಲು ಒಂದು ಗಂಟೆಗಿಂತ ಹೆಚ್ಚು ಹಿಡಿದರೆ ಆ ನೆಲ ಆಗದು. ಇಂಗದ ನೀರು ಇವತ್ತಲ್ಲ ನಾಳೆ ಮೇಲೆ ಬಂದು ಅಂಗಳದಲ್ಲಿ ನಿಲ್ಲುತ್ತದೆ. ಅಂಥ ಕಡೆ ಮನೆ ಕಟ್ಟಲು ಅನುಮತಿ ಸಿಗುವುದಿಲ್ಲ.

ಈ ಸಲ ಪರೀಕ್ಷೆ ಬೇಕಾಗಿದ್ದದ್ದು ನುಣ್ಣಪ್ಪನ ಅತ್ತಿಗೆಗೆ, ತೀರಿಹೋದ ಅವನ ಅಣ್ಣನ ಹೆಂಡತಿಗೆ. ಆಕೆ ಬಟ್ಟೆ ಹೊಲಿಯುವವಳು. ಮುಂದೆ ಅಂಗಡಿ, ಹಿಂದೆ ಒಂದೇ ಕೋಣೆಯ ಬಾಡಿಗೆ ಮನೆ. ಆ ಕಟ್ಟಡವನ್ನು ಕೆಡವಿ ಹೊಸದು ಕಟ್ಟಲು ಮಾಲೀಕ ನಿರ್ಧರಿಸಿದ್ದ. ಬೇರೆ ಬಾಡಿಗೆದಾರರು ಆಗಲೇ ಖಾಲಿ ಮಾಡಿಯಾಗಿತ್ತು. ಆಕೆಗೆಂದು ಉಳಿದಿದ್ದು ಗಂಡನ ಪಾಲಿಗೆ ಬಂದಿದ್ದ ಒಂದು ತುಂಡು ನೆಲ. ಅದು ಇದ್ದದ್ದು ಮೈದುನನ ಮನೆಯ ಪಕ್ಕದಲ್ಲೇ. ಅಲ್ಲಿ ನೀರು ಇಂಗಿದರೆ ಆಕೆಗೊಂದು ಮನೆ. ಇಂಗದಿದ್ದರೆ ಹೊಲಿಗೆಯಂತ್ರ ಹೊತ್ತುಕೊಂಡು ಎಲ್ಲಿಗೆ ಹೋಗಬೇಕು ಎಂಬುದು ಆಕೆಗೂ ಗೊತ್ತಿರಲಿಲ್ಲ.

ರಸ್ತೆಯಿಂದ ಆ ನೆಲಕ್ಕೆ ಹೋಗಲು ನುಣ್ಣಪ್ಪನ ಅಂಗಳವನ್ನು ದಾಟಲೇಬೇಕು. ಮೊದಲ ದಿನ ನಾವಿಬ್ಬರೂ ಹೋದಾಗ ಅವನು ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿ ಕೂತಿದ್ದ. ಅತ್ತಿಗೆಯ ಕಡೆ ನೋಡಲಿಲ್ಲ.

"ಯಾರು ಬೇಕು?" ಎಂದು ನನ್ನನ್ನು ಕೇಳಿದ.

"ಪಕ್ಕದ ಜಾಗದಲ್ಲಿ ನೀರು ಇಂಗುತ್ತಾ ಅಂತ ನೋಡೋಕೆ ಬಂದಿದ್ದೀನಿ."

"ಇಂಗಾ?" ಎಂದ. "ಇಂಗು ತೆಂಗು ಇದ್ರೆ ಮಂಗಾನೂ ಅಡುಗೆ ಮಾಡತ್ತೆ ಅಂತ ಕೇಳಿದ್ದೆ. ಈಗ ಇಂಗು ಇದ್ರೆ ಮನೇನೂ ಕಟ್ಟಬಹುದಾ? ಬನ್ನಿ ಬನ್ನಿ, ಇಂಗಮ್ಮನೋರೇ."

ಅವತ್ತಿನಿಂದ ಆ ಮನೆಯ ಮಟ್ಟಿಗೆ ನಾನು ಇಂಗಮ್ಮನಾದೆ.

ಅವರಿಬ್ಬರೂ ಮಾತು ಬಿಟ್ಟು ವರ್ಷಗಳಾಗಿದ್ದವು. ಆದರೆ ಜಗಳ ಬಿಟ್ಟಿರಲಿಲ್ಲ. ನಡುವೆ ಯಾರಾದರೂ ಸಿಕ್ಕಿದರೆ ಅವರ ಮೂಲಕ ಆಡುತ್ತಿದ್ದರು. ಅವತ್ತು ಸಿಕ್ಕಿದವಳು ನಾನು.

"ಆಯಮ್ಮನಿಗೆ ಹೇಳಿ," ಎಂದ ನುಣ್ಣಪ್ಪ, "ಆ ಮೂಲೇಲಿ ನನ್ನ ಬಾವಿ ಇದೆ. ಇವರ ಮನೆ ಹೊಲಸು ನನ್ನ ಬಾವಿಗೆ ಇಳಿದ್ರೆ ನಾನು ಸುಮ್ಮನಿರಲ್ಲ."

"ಅವನಿಗೆ ಹೇಳಿ ಮೇಡಂ," ಎಂದಳು ಆಕೆ. "ಅವನ ಬಾಯಿಂದ ಬರೋದಕ್ಕಿಂತ ನನ್ನ ಮನೆ ಗುಂಡಿಯಿಂದ ಬರೋದೇ ಚೊಕ್ಕಟವಾಗಿರತ್ತೆ ಅಂತ."

ನಾನು ಬಾವಿಯಿಂದ ಸಾಕಷ್ಟು ದೂರದಲ್ಲಿ, ನೆಲ ಸ್ವಲ್ಪ ಎತ್ತರವಾಗಿದ್ದ ಕಡೆ ಎರಡು, ಅದಕ್ಕಿಂತ ತಗ್ಗಿನಲ್ಲಿ ಒಂದು, ಹೀಗೆ ಮೂರು ಗೂಟ ನೆಟ್ಟೆ. ಒಂದು ಹಿಡಿ ಮಣ್ಣು ತೆಗೆದು ಒದ್ದೆ ಮಾಡಿ ಬೆರಳಲ್ಲಿ ತಿಕ್ಕಿದೆ. ಜೇಡಿ ಇತ್ತು, ಆದರೆ ನಡುವೆ ಮರಳು ಚೆನ್ನಾಗಿ ಕರಕರ ಎನ್ನುತ್ತಿತ್ತು. ಕೆಟ್ಟ ಮಣ್ಣಲ್ಲ ಎಂದುಕೊಂಡೆ. ಬಾಯಿಬಿಟ್ಟು ಹೇಳಲಿಲ್ಲ, ಹೇಳಬೇಕಾದದ್ದು ನೀರು.

ಗುಂಡಿ ತೋಡಲು ಇಬ್ಬರು ಕೂಲಿಯವರನ್ನು ಕರೆಸುವುದಾಗಿ ಆಕೆ ಅಂದಾಗ ನುಣ್ಣಪ್ಪ ಕುರ್ಚಿಯಿಂದ ಎದ್ದ.

"ನನ್ನ ಅಂಗಳದಲ್ಲಿ ಕಂಡಕಂಡವರು ಹಾರೆ ಗುದ್ದಲಿ ಹೊತ್ಕೊಂಡು ಓಡಾಡಕೂಡದು. ತೋಡಬೇಕು ಅಂದ್ರೆ ನಾನೇ ತೋಡ್ತೀನಿ."

"ಇವನು ತೋಡಿದ್ರೆ ನನಗೆ ಗೋರಿ ತೋಡಿದ ಹಾಗೇ."

"ಗೋರಿ ತೋಡಿದ್ರೂ ಮಟ್ಟವಾಗೇ ತೋಡ್ತೀನಿ ಅಂತ ಹೇಳಿ ಆಯಮ್ಮನಿಗೆ."

ಬೇರೆ ದಾರಿ ಇರಲಿಲ್ಲ. ಎಷ್ಟು ಅಗಲ ಎಂದು ಕೈಯಲ್ಲಿ ತೋರಿಸಿದೆ. ಆಳ ಒಂದು ತೋಳುದ್ದ ಇರಲಿ, ತಳಕ್ಕೆ ಎರಡು ಬೆರಳಷ್ಟು ಜಲ್ಲಿ ಹಾಕಿ, ನೀರು ತುಂಬಿ ಒಂದು ದಿನ ನೆನೆಯಲು ಬಿಡಿ ಎಂದೆ. "ಆಮೇಲೆ ಗೋಡೆಗೆ ಮಾತ್ರ..." ಎಂದು ಶುರುಮಾಡಿದ್ದೆನಷ್ಟೆ.

"ಗೋಡೆನಾ? ಗೋಡೆ ವಿಷಯ ನನಗೆ ಹೇಳ್ತೀರಾ?" ಎಂದ. "ನಿಮಗೆ ಹಲ್ಲು ಬರೋಕೆ ಮುಂಚೆ ಗಾರೆ ತೀಡೋ ಕರಣೆ ಹಿಡಿದವನು ನಾನು." ಕುರ್ಚಿ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಹಿಂದಿರುಗುವಾಗ ಆಕೆ ನನ್ನನ್ನು ಅಂಗಡಿಗೆ ಕರೆದುಕೊಂಡು ಹೋದಳು. ಒಂದು ಗೋಡೆಯ ತುಂಬ ಮೊಳೆ, ಪ್ರತಿ ಮೊಳೆಗೂ ಅರ್ಧ ಹೊಲಿದ ಅಂಗಿ. ಯಂತ್ರದ ಮುಂದೆ ಕೂತು ಕಾಲು ತುಳಿಯುತ್ತಲೇ ಮಾತಾಡಿದಳು.

"ಅಣ್ಣಂಗೆ ಹುಷಾರಿಲ್ಲ, ಆಸ್ಪತ್ರೇಲಿದ್ದಾರೆ, ಬೇಗ ಬಾ ಅಂತ ಹೇಳಿ ಕಳಿಸಿದೆ. ಯಾರದ್ದೋ ಮನೆ ಮಾಳಿಗೆ ಒಳಮೈ ಗಿಲಾವು ಅರ್ಧ ಆಗಿದೆ, ಮುಗಿಸಿ ಬರ್ತೀನಿ ಅಂದ. ಮುಗಿಸಿಯೇ ಬಂದ. ಅಷ್ಟರಲ್ಲಿ ಅವರೂ ಮುಗಿಸಿದ್ರು." ಹಲ್ಲಿನಿಂದ ದಾರ ಕಡಿದಳು. "ಹೆಣ ಮುಂದೆ ಮಲಗಿದೆ. ಇವನು ಆಸ್ಪತ್ರೆ ಗೋಡೇಲಿ ಬಿರುಕು ನೋಡ್ತಾ ನಿಂತಿದ್ದ. ಬರೀ ನೋಡಿದ್ದಲ್ಲ ಮೇಡಂ, ಬೆರಳು ಹಾಕಿ ನೋಡಿದ."

ನೆಲ ಪರೀಕ್ಷೆ ಮಾಡುವ ದಿನ ಬಂದು ಕರೆಯುತ್ತೇನೆ ಎಂದು ಹೇಳಿ ಎದ್ದೆ.

ಪರೀಕ್ಷೆಯ ಬೆಳಿಗ್ಗೆ ಆಕೆಯನ್ನು ಕರೆದುಕೊಂಡು ಹೋದಾಗ ಗುಂಡಿಗಳು ಸಿದ್ಧವಾಗಿದ್ದವು. ಮೂರೂ ಒಂದೇ ಅಳತೆ, ಒಂದೇ ನೇರ. ಸುತ್ತ ಒಂದು ಹೆಂಟೆಯೂ ಇಲ್ಲದಂತೆ ಗುಡಿಸಲಾಗಿತ್ತು. ನುಣ್ಣಪ್ಪನ ಹೆಂಡತಿ ಬಾವಿಯ ಬಳಿ ಕೊಡ ತೊಳೆಯುತ್ತಿದ್ದಳು. "ಹೊತ್ತು ಮುಳುಗೋವರೆಗೂ ಹೊಟ್ಟೆ ಮೇಲೆ ಮಲಗಿ ಗುಂಡಿಯೊಳಗೆ ಕೈ ಬಿಟ್ಕೊಂಡಿದ್ರು," ಎಂದು ಮೆಲ್ಲಗೆ ಹೇಳಿದಳು. "ಊಟಕ್ಕೆ ಕರೆದ್ರೆ ನನಗೇ ಬೈದ್ರು."

ಒಂದು ವಿಷಯ ನೋಡಿದ ಕೂಡಲೇ ಮನಸ್ಸಿಗೆ ಒಪ್ಪಲಿಲ್ಲ. ಹಿಂದಿನ ದಿನ ತುಂಬಿದ ನೀರು ಹಾಗೇ ನಿಂತಿತ್ತು. ಬೇಕಾದಷ್ಟು ಮಟ್ಟಕ್ಕೆ ನೀರನ್ನು ಮೊಗೆದು ಹೊರಗೆ ಚೆಲ್ಲಿದೆ, ಗುಂಡಿಯ ಬಾಯಿಗೆ ಅಡ್ಡಪಟ್ಟಿ ಇಟ್ಟೆ, ಅಳತೆಕೋಲು ಇಳಿಬಿಟ್ಟೆ, ಕಾದೆ. ನೀರು ಕದಲಲಿಲ್ಲ. ಎರಡನೇ ಗುಂಡಿಯಲ್ಲೂ ಇಲ್ಲ, ಮೂರನೆಯದರಲ್ಲೂ ಇಲ್ಲ. ಒಂದು ಒಣ ಎಲೆ ಹಾರಿ ಬಂದು ನೀರಿನ ಮೇಲೆ ಕೂತು, ಕನ್ನಡಿಯ ಮೇಲೆ ಕೂತಂತೆ ಕೂತೇ ಇತ್ತು.

ಅವನ ಅತ್ತಿಗೆ ಸೆರಗಿನಂಚನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದಳು. "ಏನಾಯ್ತು ಮೇಡಂ?"

"ಇಳೀತಿಲ್ಲ."

"ಇಳಿಯದಿದ್ರೆ?"

"ಇಳಿಯದಿದ್ರೆ ಅನುಮತಿ ಸಿಗಲ್ಲ."

ಗೋಡೆಗೆ ಒರಗಿ ನಿಂತಿದ್ದ ನುಣ್ಣಪ್ಪ ನಕ್ಕ. "ನೆಲಾನೂ ಮುಖ ನೋಡಿ ನೀರು ಕುಡಿಯತ್ತೆ ಅಂತ ಹೇಳಿ ಆಯಮ್ಮನಿಗೆ."

ಆ ಮಣ್ಣನ್ನು ನಾನೇ ಬೆರಳಲ್ಲಿ ತಿಕ್ಕಿ ನೋಡಿದ್ದೆ. ಅಷ್ಟು ಮರಳಿದ್ದ ಮಣ್ಣು ಇಡೀ ದಿನ ನೀರು ಹಿಡಿದಿಟ್ಟುಕೊಳ್ಳುವುದು ಸಾಧ್ಯವಿರಲಿಲ್ಲ. ಒಂದು ಗುಂಡಿಯ ನೀರನ್ನೆಲ್ಲ ಮೊಗೆದು ಹಾಕಿ ಟಾರ್ಚ್ ಬಿಟ್ಟೆ. ಒಳಗೆಲ್ಲ ಹೊಳೆಯುತ್ತಿತ್ತು. ಕುಂಬಾರ ಈಗತಾನೇ ಚಕ್ರದಿಂದ ಇಳಿಸಿದ ಹಸಿ ಗಡಿಗೆಯ ಒಳಮೈ ಹೇಗಿರುತ್ತದೋ ಹಾಗೆ. ಗೋಡೆ ತಳವನ್ನು ಸೇರುವ ಕಡೆ, ನೀರಿನ ತೊಟ್ಟಿಗೆ ಮಾಡುವಂತೆ, ಮೂಲೆಯನ್ನು ದುಂಡಗೆ ತೀಡಲಾಗಿತ್ತು. ಜಲ್ಲಿಯನ್ನು ಕೂಡ ತೊಳೆದು ಹಾಕಿದ್ದ.

"ಮೇಸ್ತ್ರಿ, ಗುಂಡಿ ಗೋಡೆಗೆ ಕರಣೆ ಆಡಿಸಿದ್ರಾ?"

"ಆಡಿಸದೆ?" ಎಂದ, ಎದೆ ಮುಂದೆ ಮಾಡಿ. "ನೀರು ಚಿಮುಕಿಸಿ, ಮೂರು ಸಲ ಆಡಿಸಿದ್ದೀನಿ. ಕೆರೆದು ಬಿಟ್ಟು ಹೋಗೋಕೆ ನಾನೇನು ಇಲಿಯಾ?"

ನಾನು ಆದಷ್ಟು ನಿಧಾನವಾಗಿ ವಿವರಿಸಿದೆ. ಮಣ್ಣಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಂದುಗಳಿರುತ್ತವೆ, ನೀರು ಇಳಿಯುವುದು ಅವುಗಳೊಳಗೆ. ಜೇಡಿ ಬೆರೆತ ಒದ್ದೆ ಮಣ್ಣಿನ ಮೇಲೆ ಕರಣೆ ಎಳೆದರೆ ಜೇಡಿ ಕರಗಿ ಹರಡಿ ಆ ಸಂದುಗಳನ್ನೆಲ್ಲ ಮುಚ್ಚಿಬಿಡುತ್ತದೆ. ಈಗ ನಾವು ಅಳೆಯುತ್ತಿರುವುದು ನೆಲವನ್ನಲ್ಲ, ಗಡಿಗೆಯನ್ನು.

ನುಣ್ಣಪ್ಪನ ಮುಖ ನೋಡನೋಡುತ್ತಿದ್ದಂತೆ ಕಪ್ಪಾಯಿತು. ಗುಂಡಿಯನ್ನು ನೋಡಿದ. ತನ್ನ ಕೈಯನ್ನು ನೋಡಿಕೊಂಡ. ಅಷ್ಟರಲ್ಲಿ ಆಕೆ ಕೂಗಿದಳು: "ನೋಡಿದ್ರಾ ಮೇಡಂ! ನಾನು ಹೇಳಲಿಲ್ವಾ? ಬೇಕಂತ ಮಾಡಿದ್ದಾನೆ. ನಾನು ಬೀದಿಗೆ ಬೀಳಲಿ ಅಂತಲೇ ಮಾಡಿದ್ದಾನೆ!"

ಅವನು ತಲೆ ಎತ್ತಿದ. "ಹೌದು," ಎಂದ. "ಬೇಕಂತಲೇ ಮಾಡಿದೆ. ಏನೀಗ?"

ಬಾವಿಯ ಬಳಿ ಕೊಡ ತೊಳೆಯುವ ಸದ್ದು ನಿಂತಿತು.

ಅದು ಸುಳ್ಳು ಎಂದು ನನಗೆ ಗೊತ್ತಾಯಿತು. ಕೆಡಿಸಬೇಕೆಂದಿದ್ದವನು ಜಲ್ಲಿ ತೊಳೆಯುವುದಿಲ್ಲ. ಆದರೆ ಗಾರೆ ಕೆಲಸದಲ್ಲಿ ತನಗೊಂದು ವಿಷಯ ತಿಳಿದಿರಲಿಲ್ಲ ಎಂದು ಒಪ್ಪುವುದಕ್ಕಿಂತ ದುಷ್ಟ ಅನ್ನಿಸಿಕೊಳ್ಳುವುದೇ ಅವನಿಗೆ ವಾಸಿಯಾಗಿತ್ತು. ಇದನ್ನು ಹೇಗೆ ಹೇಳುವುದು ಎಂದು ನಾನು ಯೋಚಿಸುತ್ತಿರುವಾಗಲೇ ಆಕೆ ಗುಂಡಿಯ ಪಕ್ಕ ಮಂಡಿಯೂರಿ ಕೂತಳು. ಬಳೆಗಳನ್ನು ಮೇಲಕ್ಕೇರಿಸಿ ತೋಳನ್ನು ಒಳಗೆ ಬಿಟ್ಟಳು. ಮೇಲಿನಿಂದ ಕೆಳಗಿನವರೆಗೆ, ಬಟ್ಟೆಯ ನೇಯ್ಗೆ ನೋಡುವವರ ಹಾಗೆ, ಅಂಗೈ ಆಡಿಸಿದಳು. ತಳದ ದುಂಡು ಮೂಲೆಗೆ ಬಂದಾಗ ಕೈ ನಿಂತಿತು. ಸುತ್ತ ಒಂದು ಸಲ ಬೆರಳು ಹಾಯಿಸಿ ಎದ್ದಳು.

"ಇವನಾ ಬೇಕಂತ ಮಾಡೋನು?" ಎಂದಳು ನನ್ನ ಕಡೆ ತಿರುಗಿ. ಸ್ವರದಲ್ಲಿ ಕರುಣೆ ಎಳ್ಳಷ್ಟೂ ಇರಲಿಲ್ಲ. "ಕೆಡಿಸೋನು ಯಾರಾದ್ರೂ ಕತ್ತಲಲ್ಲಿರೋ ಮೂಲೆ ತೀಡ್ತಾನಾ? ಆಗದವರ ಅಂಗಿ ಆದ್ರೂ ಒಳಹೊಲಿಗೆ ನಾನು ಎರಡು ಸಲ ಹಾಕ್ತೀನಿ. ಇವನಿಗೂ ಅದೇ ರೋಗ. ಗೊತ್ತಿಲ್ಲದೆ ಮಾಡಿದ್ದಾನೆ ಮೇಡಂ. ದಡ್ಡ."

"ಯಾರು ದಡ್ಡ?" ನುಣ್ಣಪ್ಪ ನೇರವಾಗಿ ಅವಳ ಮುಂದೆ ಬಂದು ನಿಂತ. "ಬೇಕಂತಲೇ ಮಾಡಿದ್ದು ಅಂತ ಬಾಯಿಬಿಟ್ಟು ಹೇಳ್ತಿದ್ದೀನಿ, ಕಿವಿ ಕೇಳಲ್ವಾ?"

"ಕೇಳತ್ತೆ. ದಡ್ಡ ಅಂದ್ರೆ ದಡ್ಡ. ಬೇಕಂತ ಮಾಡೋಷ್ಟು ಬುದ್ಧಿ ನಿನಗೆಲ್ಲಿದೆ?"

ಇಷ್ಟು ವರ್ಷಗಳ ನಂತರ ಅವರು ನೇರವಾಗಿ ಆಡಿದ ಮೊದಲ ಮಾತು ಇದು. ನನ್ನನ್ನು ಇಬ್ಬರೂ ಮರೆತೇಬಿಟ್ಟರು. ಅವನು ತಾನು ಕೆಟ್ಟವನು ಎಂದು ವಾದಿಸಿದ, ಆಕೆ ಅವನು ಬರೀ ಪೆದ್ದ ಎಂದು ವಾದಿಸಿದಳು. ಅವನಿಗೆ ಮಾತು ತೀರಿದ ಮೇಲೆ ನಾನು ಚೀಲದಿಂದ ಮೊಳೆ ಹೊಡೆದ ಹಲಗೆಯ ತುಂಡು ತೆಗೆದೆ. ಗುಂಡಿಯ ಗೋಡೆಯನ್ನು ಗೀರಿ ಒರಟು ಮಾಡಿ, ಉದುರಿದ ಮಣ್ಣು ತೆಗೆದು, ಮತ್ತೆ ನೆನೆಸಬೇಕು ಎಂದೆ.

"ಗೀರೋದಾ?" ಎಂದ ನುಣ್ಣಪ್ಪ. "ಮೊದಲ ಕೋಟ್ ಗಿಲಾವಿಗೆ ಗೀರ್ತೀವಲ್ಲ, ಮೇಲಿನದು ಕಚ್ಚಿಕೊಳ್ಳಲಿ ಅಂತ, ಹಾಗಾ?"

"ಹಾಗೇ."

"ಮತ್ತೆ ಮೊದಲೇ ಹೇಳೋಕೆ ಏನು ಬಾಯಲ್ಲಿ ಗಾರೆ ತುಂಬಿಕೊಂಡಿದ್ರಾ?"

"ಹೇಳೋಕೆ ನೀವು ಬಿಟ್ರಾ?"

ಹಲಗೆಯನ್ನು ನನ್ನ ಕೈಯಿಂದ ಕಿತ್ತುಕೊಂಡ. ನೆಲದ ಮೇಲೆ ಹೊಟ್ಟೆಯೂರಿ ಮಲಗಿ, ತೋಳು ಹೆಗಲವರೆಗೆ ಒಳಗೆ ಬಿಟ್ಟು, ತಾನೇ ತೀಡಿದ್ದನ್ನು ತಾನೇ ಕೆರೆಯತೊಡಗಿದ. ಪ್ರತಿ ಗೀರಿಗೂ ಹಲ್ಲುನೋವು ಬಂದವನಂತೆ ಉಸಿರೆಳೆದುಕೊಳ್ಳುತ್ತಿದ್ದ. ಎರಡನೇ ಗುಂಡಿಯಲ್ಲಿ ಕೈಯಿದ್ದಾಗ, ಮುಖ ಮಣ್ಣಿಗೆ ಹತ್ತಿರವಿದ್ದಾಗ, ಯಾರನ್ನೂ ನೋಡದೆ ಮಾತಾಡಿದ.

"ಮಾಳಿಗೆ ಗಿಲಾವು ಮಧ್ಯದಲ್ಲಿ ನಿಲ್ಲಿಸಿದ್ರೆ ಗೆರೆ ಬೀಳತ್ತೆ. ಆಮೇಲೆ ಎಷ್ಟು ಉಜ್ಜಿದ್ರೂ ಹೋಗಲ್ಲ." ಹಲಗೆಯನ್ನು ಮತ್ತೆರಡು ಸಲ ಎಳೆದ. "ಅಣ್ಣ ಸಂಜೆವರೆಗೆ ಇರ್ತಾನೆ ಅಂದ್ಕೊಂಡಿದ್ದೆ."

ಆಕೆ ಎರಡು ಹೆಜ್ಜೆ ದೂರದಲ್ಲೇ ನಿಂತಿದ್ದಳು. "ಆ ಮಾಳಿಗೆ ಯಾರದ್ದು?" ಎಂದು ಕೇಳಿದಳು.

"ಯಾರದ್ದೋ. ನೆನಪಿಲ್ಲ."

"ಆ ಮನೆಯವರು ಒಂದು ದಿನವಾದ್ರೂ ತಲೆ ಎತ್ತಿ ಅದನ್ನ ನೋಡಿದ್ದಾರಾ?"

ಅವನು ಮೂರನೇ ಗುಂಡಿಗೆ ತೆವಳಿಕೊಂಡೇ ಹೋದ. ಆಕೆ ಮಣ್ಣು ಎತ್ತಿ ಹಾಕಲು ಬುಟ್ಟಿ ತಂದು ಅವನ ಪಕ್ಕಕ್ಕೆ ಎಸೆದಳು. ಇಟ್ಟಳು ಎಂದು ಬರೆಯಬಹುದಿತ್ತು. ಆದರೆ ಎಸೆದದ್ದೇ ನಿಜ.

ಮತ್ತೆ ನೆನೆಸಿ ಮರುದಿನ ಅಳೆದೆವು. ಇಬ್ಬರೂ ಗುಂಡಿಗಳ ಆಚೆಗೊಬ್ಬರು ಈಚೆಗೊಬ್ಬರು ಕುಕ್ಕರಗಾಲಿನಲ್ಲಿ ಕೂತಿದ್ದರು. ಮೊದಲನೆಯದರಲ್ಲಿ ನೀರು ಕಣ್ಣೆದುರಿಗೇ ಇಳಿಯಿತು; ಅರ್ಧ ಗಂಟೆಯೂ ಹಿಡಿಯಲಿಲ್ಲ. ಎರಡನೆಯದೂ ಬಹುಮಟ್ಟಿಗೆ ಹಾಗೇ. ಮೂರನೆಯದು ಬಾವಿಯ ಕಡೆಯ ತಗ್ಗಿನಲ್ಲಿತ್ತು, ಜೇಡಿ ಹೆಚ್ಚು. ಅಲ್ಲಿ ನೀರು ಇಳಿಯಲೋ ಬೇಡವೋ ಎನ್ನುವಂತೆ ಇಳಿಯುತ್ತಿತ್ತು. ಆಕೆ ಗುಂಡಿಯ ಮೇಲೆ ಬಗ್ಗಿದ್ದಳು. ಅವಳ ಕುತ್ತಿಗೆಯಲ್ಲಿದ್ದ ಅಳತೆಪಟ್ಟಿ ಜೋಲಾಡಿ ನೀರಿಗೆ ತಾಗುವಂತಿತ್ತು.

"ಪಟ್ಟಿ ಎತ್ಕೋ. ನೀರು ಅಲ್ಲಾಡತ್ತೆ," ಎಂದು ನುಣ್ಣಪ್ಪ ಗದರಿದ.

"ನಿನ್ನ ನೆರಳು ತೆಗಿ. ಅಳತೆ ಕಾಣಲ್ಲ," ಎಂದು ಆಕೆ ಗದರಿದಳು.

ಗಂಟೆ ತುಂಬುವುದಕ್ಕೆ ಸ್ವಲ್ಪ ಮುಂಚೆ ಇಂಚಿನ ಗೆರೆ ನೀರಿನಿಂದ ಹೊರಗೆ ಬಂತು. ನಾನು ಎರಡು ಸಲ ಬಗ್ಗಿ ನೋಡಿ, "ಆಯ್ತು," ಎಂದೆ. "ಮನೆ ಕಟ್ಟಬಹುದು. ಟ್ಯಾಂಕಿನ ನೀರು ಇಂಗುವ ಕಾಲುವೆ ಮಾತ್ರ ಮೇಲಿನ ಎರಡು ಗುಂಡಿ ಇರೋ ಕಡೆ ಬರಬೇಕು. ಬಾವಿಗೆ ಏನೂ ಆಗಲ್ಲ."

ಆಕೆ ಎದ್ದಾಗ ಸೀರೆಯ ಅಂಚಿನ ಮಣ್ಣನ್ನು ಕೊಡವಿಕೊಳ್ಳಲಿಲ್ಲ. ನನಗಾಗಲಿ ಅವನಿಗಾಗಲಿ ಧನ್ಯವಾದ ಹೇಳಲಿಲ್ಲ, "ನನ್ನ ನೆಲ ನನ್ನ ಕೈ ಬಿಡತ್ತಾ?" ಎಂದಷ್ಟೇ ಹೇಳಿ ಅಂಗಳ ದಾಟಿ ಹೋದಳು. ನುಣ್ಣಪ್ಪ ಮೂರು ಗುಂಡಿಗಳನ್ನೂ ಮುಚ್ಚಿ, ಮೇಲಿನ ಮಣ್ಣನ್ನು ಕರಣೆಯಿಂದ ಸಮ ಮಾಡಿದ. ಈ ಸಲ ನಾನು ಬೇಡವೆನ್ನಲಿಲ್ಲ.

ಮನೆ ಎದ್ದಿತು. ಎರಡು ಕೋಣೆ, ರಸ್ತೆಯ ಕಡೆಗೆ ಹೊಲಿಗೆಗೆ ಒಂದು ಚಾವಡಿ. ಕಟ್ಟಿದವರು ಬೇರೆ ಮೇಸ್ತ್ರಿಗಳು. ನುಣ್ಣಪ್ಪನನ್ನು ಆಕೆ ಕರೆಯಲಿಲ್ಲ, ಅವನೂ ಕೇಳಲಿಲ್ಲ. ಇಂಗುವ ಕಾಲುವೆ ಸರಿಯಾಗಿ ಆಗಿದೆಯೇ ಎಂದು ನೋಡಲು ನಾನು ಹೋದಾಗ ಆಕೆ ಹೊಸ ಮನೆಗೆ ಬಂದಾಗಿತ್ತು. ಹೊರಗಡೆ ಮೂರು ಗೋಡೆಗೆ ಗಿಲಾವು ಆಗಿ ಸುಣ್ಣವೂ ಬಿದ್ದಿತ್ತು. ನಾಲ್ಕನೆಯದು, ಮೈದುನನ ಮನೆಗೆ ಎದುರಾಗಿದ್ದದ್ದು, ಬರೀ ಇಟ್ಟಿಗೆ. ಸಂದುಗಳಿಂದ ಗಾರೆ ಹೊರಗೆ ಚೆಲ್ಲಿ ಹಾಗೇ ಒಣಗಿ ನೇತಾಡುತ್ತಿತ್ತು.

"ಇದು ಯಾಕೆ ಹೀಗೆ ಬಿಟ್ರಿ? ಸಿಮೆಂಟ್ ಸಾಲಲಿಲ್ವಾ?"

"ಸಾಲ್ತು ಮೇಡಂ. ಇನ್ನೂ ಒಂದು ಮೂಟೆ ಒಳಗಿದೆ," ಎಂದಳು, ಸೂಜಿಗೆ ದಾರ ಪೋಣಿಸುತ್ತ. "ಆ ಗೋಡೆ ಅವನಿಗೆ. ಬೆಳಿಗ್ಗೆ ಎದ್ದು ಕಿಟಕಿ ತೆಗೆದ ಕೂಡಲೇ ಕಾಣಲಿ ಅಂತ ಬಿಟ್ಟಿದ್ದೀನಿ."

ಹೊರಗೆ ಬಂದರೆ ನುಣ್ಣಪ್ಪ ಅಂಗಳದಲ್ಲಿ ಕಾಯುತ್ತಿದ್ದ. ನನ್ನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದ. "ಇಂಗಮ್ಮನೋರೇ, ಎಲ್ಲಾ ಗೋಡೆಗೂ ಗಿಲಾವು ಆಗಲೇಬೇಕು ಅಂತ ನಿಮ್ಮ ಕಾನೂನಲ್ಲಿ ಎಲ್ಲೂ ಇಲ್ವಾ?"

"ನನ್ನ ಕಾನೂನು ನೆಲದ ಕೆಳಗೆ ಮಾತ್ರ, ಮೇಸ್ತ್ರಿ."

"ನಾನು ಸುಮ್ಮನೆ ಮಾಡಿಕೊಡ್ತೀನಿ, ಒಂದು ದಿನದ ಕೆಲಸ ಅಂತ ಹೇಳಿ."

"ನಾನು ಹೇಳಲ್ಲ. ನೀವೇ ಕೇಳಿ. ಈಗ ನಿಮ್ಮಿಬ್ಬರಿಗೂ ಮಾತಿದೆಯಲ್ಲ?"

ಅವನು ಆ ಗೋಡೆಯನ್ನು ಬಹಳ ಹೊತ್ತು ನೋಡಿದ. "ಕೇಳಲ್ಲ," ಎಂದ. ಒಳಗೆ ಹೋಗಿ ಕುರ್ಚಿ ತಂದು, ರಸ್ತೆಗೆ ಬೆನ್ನು ಮಾಡಿ, ಗೋಡೆಯ ಕಡೆ ಮುಖ ಮಾಡಿ ಹಾಕಿಕೊಂಡು ಕೂತ. ಒಂದು ಕಣ್ಣು ಮುಚ್ಚಿದ.

"ಕೆಳಗಿಂದ ಮೂರನೇ ಸಾಲು ಸೊಟ್ಟ," ಎಂದು ಗಟ್ಟಿಯಾಗಿ ಕೂಗಿ ಹೇಳಿದ.

ಗೋಡೆಯಾಚೆ ಹೊಲಿಗೆಯಂತ್ರದ ಸದ್ದು ನಿಂತಿತು.

"ನಾಲ್ಕನೇದೂ ಸೊಟ್ಟ," ಎಂದು ಆಕೆಯ ಧ್ವನಿ ಬಂತು. "ಸರಿಯಾಗಿ ನೋಡು."